ಹಂದಿಗೂಡಿನ ಲೆಕ್ಕ



ಉಡುಪಿಯಿಂದ ಉತ್ತರದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಸ್ವರ್ಣಾ ನದಿಯ ಸೇತುವೆ ಎದುರಾಗುವುದಕ್ಕೆ ಮುನ್ನ ಸಿಕ್ಕುವ ಸಂತೆಕಟ್ಟೆ ಮತ್ತು ಅದಕ್ಕೆ ಅಂಟಿಕೊಂಡಿರುವ ಕಲ್ಯಾಣಪುರ, ಕೊಂಕಣಿ ಮಾತಿನ ಕ್ರೈಸ್ತ ಕುಟುಂಬಗಳು ಹಲವು ತಲೆಮಾರುಗಳಿಂದ ನೆಲೆನಿಂತ ಊರುಗಳು. 2012ರಲ್ಲಿ ಉಡುಪಿಯು ಪ್ರತ್ಯೇಕ ಧರ್ಮಪ್ರಾಂತವಾದಾಗ ಪ್ರಧಾನ ದೇವಾಲಯದ ಪದವಿಯನ್ನು ಪಡೆದ ಮಿಲಾಗ್ರಿಸ್ ಇಗರ್ಜಿ ಇರುವುದು ಈ ಕಲ್ಯಾಣಪುರದಲ್ಲಿಯೇ. ಇಲ್ಲಿಯ ಮದುವೆಯ ಮುನ್ನಾದಿನದ ರೋಸಿನ ಊಟಕ್ಕಾಗಲಿ, ಕ್ರಿಸ್ಮಸ್ಸಿನ ಮಧ್ಯಾಹ್ನಕ್ಕಾಗಲಿ, ಕಾರ್ಕಳದ ಅತ್ತೂರು ಜಾತ್ರೆಗೆ ಬಂದ ನೆಂಟರ ಸತ್ಕಾರಕ್ಕಾಗಲಿ, ಬಫಾತಿನ ಪುಡಿ ಹಾಕಿ ಬೇಯಿಸಿದ ದುಕ್ರಾಮಾಸ್ ಎಂಬ ಹಂದಿಮಾಂಸದ ಅಡುಗೆ ಮತ್ತು ಅದರ ಜೊತೆಗೆ ಸಾನ್ನಾಂ ಇಲ್ಲದೆ ಪಂಕ್ತಿ ಪೂರ್ಣವಾಗುವುದಿಲ್ಲ. ಈ ಮಾಂಸದ ಬಹುಭಾಗವು ದೂರದ ಯಾವುದೋ ಕಾರ್ಖಾನೆಯಿಂದ ಬರುವುದಲ್ಲ. ಮನೆಯ ಹಿತ್ತಲಿನ, ತೋಟದ ಅಂಚಿನ ಹಂದಿಗೂಡುಗಳಿಂದ ಬರುವುದು. ಆ ಗೂಡು ಗಾಳಿಗೆ, ನೀರಿಗೆ, ಮಣ್ಣಿಗೆ ಹೊರಿಸುವ ಭಾರವೆಷ್ಟು, ಅದನ್ನು ಅಳೆಯುವ ಕ್ರಮ ಯಾವುದು ಎಂಬ ವಿಚಾರವನ್ನು ಈ ಹೊತ್ತು ನಿಮ್ಮ ಮುಂದಿಡಲು ಬಯಸುತ್ತೇನೆ. ಹಂದಿಮಾಂಸವನ್ನು ತಿನ್ನಬೇಕೆಂದಾಗಲಿ ತಿನ್ನಬಾರದೆಂದಾಗಲಿ ಹೇಳುವುದು ನನ್ನ ಉದ್ದೇಶವಲ್ಲ; ಅದು ಅವರವರ ಮನೆಯ, ಮನಸ್ಸಿನ ಮಾತು.

ಲೋಕದ ಲೆಕ್ಕವನ್ನು ಮೊದಲು ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯನ ಕಾರ್ಯಗಳಿಂದ ವಾಯುಮಂಡಲಕ್ಕೆ ಸೇರುವ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ 14.5 ಪಾಲು ಜಾನುವಾರು ಸಾಕಣೆಯದು; ಆ ಪಾಲಿನೊಳಗೆ ಹಂದಿಗಳದು ನೂರಕ್ಕೆ ಒಂಬತ್ತರಷ್ಟು, ಅಂದರೆ ವರ್ಷಕ್ಕೆ ಸುಮಾರು 67 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದುದು. ಒಂದು ಕಿಲೋ ಹಂದಿಮಾಂಸಕ್ಕೆ ಇದನ್ನು ಹಂಚಿದರೆ ಆರು ಕಿಲೋಗಳ ಆಸುಪಾಸು ಬರುತ್ತದೆ. ಈ ಆರು ಕಿಲೋವನ್ನು ಬಿಡಿಸಿ ನೋಡಿದರೆ ಅದರಲ್ಲಿ ನೂರಕ್ಕೆ ಅರವತ್ತು ಪಾಲು ಹಂದಿಯ ಮೇವನ್ನು ಬೆಳೆಯುವುದರಲ್ಲಿಯೇ, ಅದರ ಗೊಬ್ಬರ, ಸಾಗಾಟ, ಕಾಡು ಕಡಿದು ಮಾಡಿದ ಸೋಯಾ ಹೊಲಗಳಲ್ಲಿಯೇ ಅಡಗಿದೆ, ಇಪ್ಪತ್ತೇಳು ಪಾಲು ಸಗಣಿ ಗಂಜಲಗಳದು, ಉಳಿದುದೆಲ್ಲ ಅಲ್ಪಸ್ವಲ್ಪ. ಈ ಸಂಖ್ಯೆ ಸುಳ್ಳಲ್ಲ. ಆದರೆ ಡೆನ್ಮಾರ್ಕಿನ ಸಾವಿರ ಹಂದಿಗಳ ಕೊಟ್ಟಿಗೆಯನ್ನೂ ಚೀನಾ ದೇಶದ ದೊಡ್ಡ ಹಂದಿಶಾಲೆಯನ್ನೂ ಕೂಡಿಸಿ ತೆಗೆದ ಸರಾಸರಿಯನ್ನು ತಂದು ಸಂತೆಕಟ್ಟೆಯ ಹಿತ್ತಲಿನ ಹತ್ತಿಪ್ಪತ್ತು ಹಂದಿಗಳ ಗೂಡಿನ ಮೇಲೆ ಹೊರಿಸಿದರೆ, ಒಂದು ಕಡೆ ಅದರ ಮೇಲೆ ಇಲ್ಲದ ಅಪರಾಧವನ್ನು ಹೊರಿಸಿದಂತಾಗುತ್ತದೆ, ಇನ್ನೊಂದು ಕಡೆ ಅದರ ನಿಜವಾದ ದೋಷವನ್ನು ಮರೆಮಾಚಿದಂತಾಗುತ್ತದೆ.

ಇಲ್ಲದ ಅಪರಾಧವಾವುದೆಂದರೆ ಮೇವಿನದು. ನಮ್ಮ ಕರಾವಳಿಯ ಸಣ್ಣ ಗೂಡುಗಳ ಹಂದಿಗಳು ಬಹುಮಟ್ಟಿಗೆ ತಿನ್ನುವುದು ಹೋಟೆಲುಗಳ, ವಿದ್ಯಾರ್ಥಿನಿಲಯಗಳ, ಕಲ್ಯಾಣಮಂಟಪಗಳ ಉಳಿಕೆಯನ್ನು. ಉಡುಪಿಯ ಹೋಟೆಲುಗಳ ಕೀರ್ತಿ ದೇಶವೆಲ್ಲ ಹಬ್ಬಿದ್ದರೆ, ಮಣಿಪಾಲದಲ್ಲಿ ಓದಲು ಬಂದ ಸಾವಿರಾರು ತರುಣರ ಊಟದ ಚಾವಡಿಗಳು ದಿನದಿನವೂ ನಡೆಯುತ್ತಿವೆ. ಅಲ್ಲಿ ಎಲೆಯಲ್ಲಿ, ತಟ್ಟೆಯಲ್ಲಿ, ಪಾತ್ರೆಯ ತಳದಲ್ಲಿ ಉಳಿದ ಅನ್ನ, ಪಲ್ಯ, ಸಾಂಬಾರು, ಅಕ್ಕಚ್ಚುಗಳನ್ನು ಡ್ರಮ್ಮುಗಳಲ್ಲಿ ತುಂಬಿಸಿಕೊಂಡು ಪಿಕಪ್ ಗಾಡಿಗಳು ಹಳ್ಳಿಗಳ ಕಡೆಗೆ ಸಾಗುತ್ತವೆ. ಈ ಅನ್ನವನ್ನು ಬೆಳೆಯಲು ತಗುಲಿದ ನೀರು, ಗೊಬ್ಬರ, ಗದ್ದೆಯಿಂದೆದ್ದ ಮೀಥೇನುಗಳೆಲ್ಲ ಅದನ್ನು ಉಣ್ಣಲು ಕುಳಿತವನ ಲೆಕ್ಕಕ್ಕೆ ಸೇರಬೇಕಾದುದೇ ಹೊರತು, ಅವನು ಬಿಟ್ಟುದನ್ನು ತಿಂದ ಹಂದಿಯ ಲೆಕ್ಕಕ್ಕಲ್ಲ. ಹೀಗೆ ಲೋಕದ ಸರಾಸರಿಯಲ್ಲಿ ಅರವತ್ತು ಪಾಲಾಗಿರುವ ಮೇವಿನ ಭಾರವು ಇಲ್ಲಿ ಪಿಕಪ್ಪಿನ ಡೀಸೆಲು ಮತ್ತು ಉಳಿಕೆಯನ್ನು ಕುದಿಸುವ ಸೌದೆ, ಇವಿಷ್ಟಕ್ಕೇ ಇಳಿಯುತ್ತದೆ.

ಇದರ ಮೇಲೆ ಇನ್ನೊಂದು ವಿಚಾರವಿದೆ. ಆ ಉಳಿಕೆಯನ್ನು ಹಂದಿ ತಿನ್ನದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು? ಆಳವಾದ ಕಸದ ರಾಶಿಯಲ್ಲಿ ಹೂತು ಗಾಳಿಯಾಡದೆ ಕೊಳೆತಲ್ಲಿ, ಅಂತರಸರ್ಕಾರಿ ಹವಾಮಾನ ಮಂಡಳಿಯ 2006ರ ಸೂತ್ರಗಳಂತೆ, ಒಂದು ಟನ್ ಆಹಾರದ ಕಸದಿಂದ ಕಾಲಕ್ರಮದಲ್ಲಿ ಸುಮಾರು 40 ಕಿಲೋ ಮೀಥೇನ್ ಹುಟ್ಟುತ್ತದೆ. ಮೀಥೇನಿನ ಒಂದೊಂದು ಕಿಲೋವೂ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿನ 28 ಕಿಲೋಗಳಷ್ಟು ಶಾಖವನ್ನು ಹಿಡಿದಿಡುವುದಾದುದರಿಂದ, ಕಸವಾಗಿ ಹೋದ ಒಂದು ಟನ್ ಊಟವು ಒಂದು ಟನ್ನಿಗೂ ಮೀರಿದ ಡೈಆಕ್ಸೈಡಿಗೆ ಸಮ. ಒಂದು ಹಂದಿ ದಿನಕ್ಕೆ ಆರು ಕಿಲೋ ಉಳಿಕೆ ತಿನ್ನುವುದೆಂದು ಹಿಡಿದರೆ, ಇಪ್ಪತ್ತು ಹಂದಿಗಳ ಗೂಡು ವರ್ಷಕ್ಕೆ ನಲವತ್ತು ಟನ್ನಿಗೂ ಹೆಚ್ಚು ಉಳಿಕೆಯನ್ನು ಕಸದ ರಾಶಿಗೆ ಹೋಗದಂತೆ ತಡೆಯುತ್ತದೆ. ಆದರೆ ಈ ಪುಣ್ಯವನ್ನು ಹಂದಿಯ ಖಾತೆಗೆ ಜಮೆ ಮಾಡುವ ಮುನ್ನ ಪ್ರಾಮಾಣಿಕತೆ ಬೇಕು: ನಗರವು ಆ ಹಸಿಕಸವನ್ನು ಬೇರ್ಪಡಿಸಿ ಗಾಳಿಯಾಡುವಂತೆ ಗೊಬ್ಬರ ಮಾಡುತ್ತಿದ್ದರೆ ಈ ಜಮೆ ಬಹುಪಾಲು ಕರಗಿಹೋಗುತ್ತದೆ. ಕಸವು ಕೊಳೆಯುವುದಕ್ಕೇ ಹೋಗುತ್ತಿತ್ತು ಎಂದು ತೋರಿಸಬಲ್ಲವನಿಗೆ ಮಾತ್ರ ಆ ಜಮೆಯ ಹಕ್ಕು.

ಯುರೋಪಿನ ದೇಶಗಳಲ್ಲಿ ಹಂದಿಗೆ ಉಳಿಕೆ ಉಣಿಸುವ ಈ ಕ್ರಮವೇ ನಿಂತುಹೋಗಿದೆ. 2001ರಲ್ಲಿ ಇಂಗ್ಲೆಂಡಿನಲ್ಲಿ ಕಾಲುಬಾಯಿ ಜ್ವರ ಎದ್ದು ಲಕ್ಷಾಂತರ ಪ್ರಾಣಿಗಳನ್ನು ಸುಡಬೇಕಾಗಿ ಬಂದುದರ ಮೂಲ ಸರಿಯಾಗಿ ಕುದಿಸದ ಉಳಿಕೆಯೆಂದು ತಿಳಿದಮೇಲೆ, ಅಲ್ಲಿ ಹಂದಿಗಳಿಗೆ ಹೋಟೆಲಿನ ಉಳಿಕೆ ಕೊಡುವುದನ್ನು ನಿಷೇಧಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲೆಕ್ಕಹಾಕಿ, ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿರುವಂತೆ ಉಳಿಕೆಯನ್ನು ಕಾಯಿಸಿ ಉಣಿಸುವ ಪದ್ಧತಿಯನ್ನು ಯುರೋಪು ಮತ್ತೆ ಕೈಗೊಂಡರೆ 18 ಲಕ್ಷ ಹೆಕ್ಟೇರು ಭೂಮಿ ಮೇವಿನ ಬೇಸಾಯದಿಂದ ಬಿಡುಗಡೆಯಾಗುವುದೆಂದು ತೋರಿಸಿದರು. ಅವರು ಮರಳಿ ಪಡೆಯಲು ಬಯಸುತ್ತಿರುವುದು ನಮ್ಮಲ್ಲಿ ಬಿಟ್ಟುಹೋಗದೆ ಉಳಿದಿದೆ. ಆದರೂ ದೊಡ್ಡ ದೇಹದ ಬಿಳಿ ಯಾರ್ಕ್‌ಶೈರ್ ತಳಿಯನ್ನು ಕಟ್ಟಿ, ಬೇಗ ಬೆಳೆಸಿ ಮಾರುವ ಆಸೆಯಿಂದ ಚೀಲದ ಆಹಾರಕ್ಕೆ ಹೊರಳಿದವರು ಇಲ್ಲಿಯೂ ಉಂಟು. ಆಗ ದಾವಣಗೆರೆ ಹಾವೇರಿಗಳ ಮೆಕ್ಕೆಜೋಳದ ಹೊಲವೂ ಮಧ್ಯಪ್ರದೇಶದ ಸೋಯಾ ಹೊಲವೂ ಯೂರಿಯದ ಕಾರ್ಖಾನೆಯೂ ಆ ಗೂಡಿನ ಲೆಕ್ಕದೊಳಕ್ಕೆ ಒಮ್ಮೆಗೇ ಬಂದು ಕೂರುತ್ತವೆ. ಒಂದು ಕಿಲೋ ತೂಕ ಏರಬೇಕಾದರೆ ಮೂರರಿಂದ ನಾಲ್ಕು ಕಿಲೋ ಚೀಲದ ಆಹಾರ ಬೇಕೆಂಬುದನ್ನು ನೆನೆದರೆ, ಗೋಡೆ, ಮಾಡು, ಒಡೆಯ ಎಲ್ಲ ಅದೇ ಆಗಿದ್ದರೂ, ಅಂಥ ಗೂಡನ್ನು ಹಳೆಯ ಗೂಡಿನೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಇನ್ನು ನಿಜವಾದ ದೋಷಕ್ಕೆ ಬರುತ್ತೇನೆ; ನನ್ನ ಮಾತಿನ ಭಾರವೆಲ್ಲ ಇಲ್ಲಿದೆ. ಹಸು ಎಮ್ಮೆಗಳಂತೆ ಹಂದಿ ಮೆಲುಕುಹಾಕುವ ಪ್ರಾಣಿಯಲ್ಲವಾದುದರಿಂದ ಅದರ ಹೊಟ್ಟೆಯಿಂದ ವರ್ಷಕ್ಕೆ ಏಳುವ ಮೀಥೇನು ಒಂದು ಕಿಲೋ ಮಾತ್ರ; ನಮ್ಮ ದೇಶದ ಹಾಲು ಕರೆಯುವ ಹಸುವಿಗೆ ಅದೇ ಹವಾಮಾನ ಮಂಡಳಿಯ 2006ರ ಸೂತ್ರಗಳು ಇಟ್ಟಿರುವ ಅಂಕೆ 58 ಕಿಲೋ. ಹೊಟ್ಟೆಯ ಮಟ್ಟಿಗೆ ಹಂದಿ ನಿರಪರಾಧಿ. ಅದರ ಅಪರಾಧವೆಲ್ಲ ಸಗಣಿಯಲ್ಲಿದೆ, ಸಗಣಿಯಲ್ಲಿ ಎನ್ನುವುದಕ್ಕಿಂತಲೂ ಸಗಣಿಯನ್ನು ನಾವು ಇಡುವ ರೀತಿಯಲ್ಲಿದೆ. ನೀರು ಬೆರೆತು ತೆಳ್ಳಗಾದ ಸಗಣಿ ಗುಂಡಿಯಲ್ಲಿ ನಿಂತರೆ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಮೀಥೇನಾಗಿ ಮಾಡುತ್ತವೆ, ಮತ್ತು ಸೆಕೆ ಹೆಚ್ಚಿದಷ್ಟೂ ಅವುಗಳ ಕೆಲಸ ಚುರುಕಾಗುತ್ತದೆ. ವರ್ಷದ ಸರಾಸರಿ ತಾಪ ಹತ್ತು ಡಿಗ್ರಿಯಷ್ಟೇ ಇರುವ ಉತ್ತರದ ದೇಶಗಳ ಗುಂಡಿಯಲ್ಲಿ, ಹುಟ್ಟಬಹುದಾದ ಮೀಥೇನಿನಲ್ಲಿ ನೂರಕ್ಕೆ 17 ಪಾಲು ಮಾತ್ರ ಹುಟ್ಟಿದರೆ, ಇಪ್ಪತ್ತೇಳು ಡಿಗ್ರಿಯ ಸರಾಸರಿಯುಳ್ಳ ನಮ್ಮ ಕರಾವಳಿಯಂಥ ಸೀಮೆಯ ಗುಂಡಿಯಲ್ಲಿ 78 ಪಾಲು ಹುಟ್ಟುತ್ತದೆ. ಅದೇ ಸಗಣಿಯನ್ನು ನೀರು ಸೇರಿಸದೆ ಗಟ್ಟಿಯಾಗಿ ಬಾಚಿ ರಾಶಿಹಾಕಿದರೆ ಐದು ಪಾಲು; ಗಾಳಿಯಾಡುವಂತೆ ತರಗೆಲೆ ಬೆರೆಸಿ ಕಾಂಪೋಸ್ಟ್ ಮಾಡಿದರೆ ಒಂದೂವರೆ ಪಾಲು.

ಇಪ್ಪತ್ತು ಹಂದಿಗಳ ಗೂಡಿಗೆ ಇದನ್ನು ಅನ್ವಯಿಸಿ ನೋಡೋಣ. ಭಾರತದ ಸಣ್ಣ ದೇಹದ ಹಂದಿಗೆ ಮಂಡಳಿಯು ಕೊಟ್ಟಿರುವ ಅಂಕೆಗಳನ್ನೇ ಹಿಡಿದರೆ, ಎಲ್ಲ ಸಗಣಿಯನ್ನೂ ತೊಳೆದು ಗುಂಡಿಗೆ ಬಿಟ್ಟಾಗ ವರ್ಷಕ್ಕೆ 330 ಕಿಲೋ ಮೀಥೇನ್, ಅಂದರೆ ಒಂಬತ್ತು ಟನ್ನಿಗೂ ಮಿಕ್ಕಿದ ಡೈಆಕ್ಸೈಡಿಗೆ ಸಮನಾದ ಭಾರ. ಗಟ್ಟಿಯಾಗಿ ಬಾಚಿ ರಾಶಿಹಾಕಿದಾಗ ಮೀಥೇನು 21 ಕಿಲೋಗೆ ಇಳಿಯುತ್ತದೆ. ಒಣರಾಶಿಯಿಂದ ಸ್ವಲ್ಪ ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಏಳುವುದನ್ನು ಸೇರಿಸಿದರೂ ಒಟ್ಟು ಭಾರ ಒಂದು ಟನ್ನನ್ನು ಮೀರದು. ಹಂದಿಗಳು ಅವೇ, ತಿನ್ನುವುದು ಅದೇ, ಮಾರುವ ಮಾಂಸವೂ ಅಷ್ಟೇ. ನಡುವೆ ಇರುವ ವ್ಯತ್ಯಾಸ ಒಂದು ಹಾರೆ ಮತ್ತು ಒಂದು ನೀರಿನ ಪೈಪು.

ಈ ಮಾತನ್ನು ನಾನು ಕಲ್ಯಾಣಪುರದ ಕಡೆಯ ಒಬ್ಬ ಹಂದಿ ಸಾಕುವ ತಾಯಿಯೊಡನೆ ಆಡಿದಾಗ ಅವರು ಕೇಳಿದ ಪ್ರಶ್ನೆ ಯಾವ ಪಂಡಿತನೂ ಉಪೇಕ್ಷಿಸಬಾರದಂಥದು. “ಎಂತ ಮಾಷ್ಟ್ರೇ, ನೀರು ಬಿಟ್ಟು ತೊಳೆದರೇ ಅಲ್ವಾ ಗೂಡು ಸ್ವಚ್ಛ ಆಗುವುದು? ವಾಸನೆ ಬಂದ್ರೆ ಆಚೆ ಮನೆಯವರು ಸುಮ್ಮನೆ ಇರ್ತಾರಾ?” ಎಂದರು. “ತೊಳೆಯುವುದು ಬೇಡ ಅಂತ ಅಲ್ಲ ಬಾಯಮ್ಮ. ಮೊದಲು ಹಾರೆಯಲ್ಲಿ ಬಾಚಿ ತೆಗೆಯಿರಿ, ಆಮೇಲೆ ಸ್ವಲ್ಪ ನೀರಲ್ಲಿ ತೊಳೆಯಿರಿ” ಎಂದೆ. ಅವರು ಒಂದು ಕ್ಷಣ ಯೋಚಿಸಿ, “ಬಾಚಿದ್ದನ್ನು ಮಳೆಗಾಲದಲ್ಲಿ ಎಲ್ಲಿ ಹಾಕುವುದು, ಅದನ್ನು ಹೇಳಿ” ಎಂದರು.

ಮಳೆಗಾಲದಲ್ಲಿ ಎಲ್ಲಿ ಹಾಕುವುದು! ಶೀತದೇಶದ ಗ್ರಂಥಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕದು. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೇ ಕಳಚಿ ಬಿದ್ದಂತೆ ಸುರಿಯುವ ಮಳೆಯಲ್ಲಿ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನ ನೀರು ಕಾಣುವ ಈ ನಾಡಿನಲ್ಲಿ, ಮಾಡಿಲ್ಲದ ಗೊಬ್ಬರದ ರಾಶಿ ಒಂದೇ ವಾರದಲ್ಲಿ ಕರಗಿ ಹರಿಯುತ್ತದೆ. ನಮ್ಮ ನೆಲ ಮುರಕಲ್ಲಿನದು. ತೂತುತೂತಾದ ಆ ಕಲ್ಲಿನ ಮೂಲಕ ಮೇಲಿನ ನೀರು ಕೆಳಗಿಳಿಯಲು ಹೊತ್ತು ಬೇಕಿಲ್ಲ, ಮತ್ತು ಕೆಳಗೆ ಕಾದಿರುವುದು ಮನೆಮನೆಯ ತೆರೆದ ಬಾವಿ. ಸಗಣಿಯ ಸಾರಜನಕವು ನೈಟ್ರೇಟಾಗಿ ಬಾವಿಗಿಳಿದು, ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವು ವಿಧಿಸಿರುವ ಲೀಟರಿಗೆ 45 ಮಿಲಿಗ್ರಾಮಿನ ಮಿತಿಯನ್ನು ದಾಟಿತೆಂದರೆ, ಎಲ್ಲಕ್ಕಿಂತ ಮೊದಲು ಅಪಾಯಕ್ಕೆ ಸಿಲುಕುವುದು ಆ ನೀರಿನಲ್ಲಿ ಕಲಸಿದ ಹಾಲನ್ನು ಕುಡಿಯುವ ಎಳೆಗೂಸು. ಧಾನ್ಯದಲ್ಲಿರುವ ರಂಜಕದ ಹೆಚ್ಚಿನ ಭಾಗವನ್ನು ಹಂದಿಯ ಕರುಳು ಜೀರ್ಣಿಸಿಕೊಳ್ಳಲಾರದು. ಅದೂ ಸಗಣಿಯಲ್ಲಿ ಉಳಿದು, ತೋಡುಗಳ ಮೂಲಕ ಸ್ವರ್ಣಾ ನದಿಗಿಳಿದು, ಹಿನ್ನೀರಿನಲ್ಲಿ ಪಾಚಿಯನ್ನು ಪೋಷಿಸುತ್ತದೆ.

ನೆದರ್ಲೆಂಡಿನ ಆರ್ಯೆನ್ ಹುಕ್‌ಸ್ಟ್ರಾ ಎಂಬ ವಿದ್ವಾಂಸರು 2002ರಲ್ಲಿ ರೂಪಿಸಿದ ಜಲಗಣನೆಯ ಪದ್ಧತಿಯಲ್ಲಿ ಒಂದು ಕಿಲೋ ಹಂದಿಮಾಂಸಕ್ಕೆ ಸುಮಾರು ಆರು ಸಾವಿರ ಲೀಟರು ನೀರು ಎಂದು ಲೋಕದ ಸರಾಸರಿ ಹೇಳುವುದುಂಟು, ಮತ್ತು ಪತ್ರಿಕೆಗಳು ಆ ಸಂಖ್ಯೆಯನ್ನು ಎತ್ತಿ ಭಯಪಡಿಸುವುದೂ ಉಂಟು. ಆದರೆ ಅದರಲ್ಲಿ 4,900 ಲೀಟರು ಮೇವಿನ ಹೊಲಕ್ಕೆ ಬಿದ್ದ ಮಳೆ. 460ರಷ್ಟು ಮಾತ್ರ ಕೆರೆ ಬಾವಿ ಹೊಳೆಗಳಿಂದ ಎತ್ತಿದ್ದು. ಮಿಕ್ಕ 620 ಲೀಟರು ಹೊಲಸನ್ನು ನಿರಪಾಯದ ಮಟ್ಟಕ್ಕೆ ತಿಳಿಯಾಗಿಸಲು ಬೇಕಾಗುವ ನೀರು. ಉಳಿಕೆ ತಿನ್ನುವ ಹಂದಿಗೆ ಮೊದಲನೆಯ ಅಂಕೆ ಸಲ್ಲುವುದಿಲ್ಲ. ಕೊನೆಯದು ನಮ್ಮ ಮುರಕಲ್ಲಿನ ನೆಲದಲ್ಲಿ ಎಷ್ಟಕ್ಕೇರುವುದೆಂಬುದು ಇಲ್ಲಿಯ ಬಾವಿಗಳಲ್ಲಿಯೇ ನಿರ್ಣಯವಾಗಬೇಕು. ಮಳೆಗೆ ಮುನ್ನ ಒಮ್ಮೆ, ಮಳೆ ಹಿಡಿದಮೇಲೆ ಒಮ್ಮೆ, ಗೂಡಿಗೆ ಸಮೀಪದ ಬಾವಿಯ ನೀರನ್ನೂ ದೂರದ ಬಾವಿಯ ನೀರನ್ನೂ ಪರೀಕ್ಷಿಸಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ, ಮಣಿಪಾಲದಲ್ಲಿ ತಾಂತ್ರಿಕ ವಿದ್ಯಾಲಯದ ಪ್ರಯೋಗಶಾಲೆಗಳಿವೆ. ನೆರೆಯವರು ವಾಸನೆಯ ದೂರು ಹೊತ್ತು ಪಂಚಾಯತಿಗೆ ಹೋಗುತ್ತಾರೆ, ಸಾಕುವವರು ಹೊಟ್ಟೆಪಾಡಿನ ಮಾತೆತ್ತುತ್ತಾರೆ, ಇಬ್ಬರ ಕೈಯಲ್ಲಿಯೂ ಒಂದು ಅಂಕೆಯಿರುವುದಿಲ್ಲ. ಜಗಳ ವರ್ಷಗಟ್ಟಲೆ ಎಳೆಯುತ್ತದೆ. ಸಾರಜನಕದ ಭಾರವನ್ನು ತಗ್ಗಿಸುವ ಕೆಲಸವನ್ನು ಬಹುಕಾಲ ಮುಂದೂಡಿದ ನೆದರ್ಲೆಂಡಿನಲ್ಲಿ 2019ರಲ್ಲಿ ಆ ವಿಷಯಕ್ಕೆ ಅತ್ಯುನ್ನತ ಆಡಳಿತ ನ್ಯಾಯಾಲಯವೇ ತೀರ್ಪು ಕೊಟ್ಟು, ದೇಶದ ರೈತರು ಟ್ರ್ಯಾಕ್ಟರುಗಳೊಡನೆ ಹೆದ್ದಾರಿಗೆ ಇಳಿಯುವಂತಾಯಿತು.

ಆ ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: ನಾಲ್ಕು ಕಂಬದ ಮೇಲೆ ಒಂದು ಮಾಡು, ಕೆಳಗೆ ಗಾರೆಯ ನೆಲ, ಸುತ್ತ ಒಂದು ದಂಡೆ, ತರಗೆಲೆಯ ರಾಶಿ. ಹಟ್ಟಿಗೊಬ್ಬರವನ್ನು ಮಾಡಿ ಬಲ್ಲ ನಮ್ಮ ರೈತರಿಗೆ ಇದು ಹೊಸ ವಿದ್ಯೆಯಲ್ಲ. ಹಂದಿಯ ಸಗಣಿಯನ್ನು ಹಟ್ಟಿಯ ಸಗಣಿಯ ಮರ್ಯಾದೆಯಿಂದ ಕಾಣಬೇಕೆಂಬುದಷ್ಟೇ ಹೊಸದು. ಹೀಗೆ ಪಕ್ವವಾದ ಗೊಬ್ಬರವು ತೆಂಗಿನ ಬುಡಕ್ಕೋ, ಕಾಪು ಸೀಮೆಯ ಶಂಕರಪುರದ ಮಲ್ಲಿಗೆಯ ಗಿಡಕ್ಕೋ ಬಿದ್ದು ಅಷ್ಟರಮಟ್ಟಿಗೆ ಯೂರಿಯದ ಚೀಲವನ್ನು ಉಳಿಸಿದರೆ, ಆ ಉಳಿತಾಯವನ್ನೂ ಹಂದಿಯ ಖಾತೆಗೆ ಜಮೆ ಮಾಡತಕ್ಕದ್ದು.

ಭಾರವನ್ನು ಅಳೆದಮೇಲೆ ಅದನ್ನು ಯಾವುದರ ಮೇಲೆ ಹಂಚಬೇಕೆಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಇದರ ಉತ್ತರ ಅಡುಗೆಮನೆಯಲ್ಲಿದೆ. ಚರ್ಮವನ್ನು ಸುಲಿದು, ಕೊಬ್ಬನ್ನು ತೆಗೆದು, ಕರುಳು ಯಕೃತ್ತುಗಳನ್ನು ಎಸೆದು, ಕೆಂಪು ಮಾಂಸವನ್ನಷ್ಟೇ ಕಾಗದದಲ್ಲಿ ಸುತ್ತಿ ಮಾರುವ ಕಡೆಗಳಲ್ಲಿ ಇಡೀ ಪ್ರಾಣಿಯ ಭಾರ ಆ ಕೆಲವೇ ಕಿಲೋಗಳ ಮೇಲೆ ಬೀಳುತ್ತದೆ. ನಮ್ಮ ಕ್ರೈಸ್ತ ಮನೆಗಳಲ್ಲಿ ದುಕ್ರಾಮಾಸಿಗೆ ಚರ್ಮವೂ ಕೊಬ್ಬೂ ಸೇರಿದ ತುಂಡುಗಳೇ ಬೇಕು. ಯಕೃತ್ತು ಹೃದಯಗಳು ಸೊರ್ಪೊತೆಲ್ ಎಂಬ ಅಡುಗೆಗೆ ಹೋಗುತ್ತವೆ. ಕೊಡಗಿನ ಪಂದಿಕರಿಯಲ್ಲಿಯೂ ಕೊಬ್ಬನ್ನು ಬಿಡುವುದಿಲ್ಲ. ಹಳೆಯ ಮನೆವಾರ್ತೆಯ ಈ ಮಿತವ್ಯಯವು ಪ್ರತಿ ಕಿಲೋದ ಭಾರವನ್ನು ತಗ್ಗಿಸುತ್ತದೆಂಬುದನ್ನು ಅಳತೆಗಾರನು ಗಮನಿಸದಿದ್ದರೆ ಅವನ ಭಾಗಾಕಾರ ತಪ್ಪುತ್ತದೆ. ಬೆಳಗ್ಗೆ ಕಡಿದುದು ಮಧ್ಯಾಹ್ನದೊಳಗೆ ಒಲೆಯ ಮೇಲಿರುವ ನಮ್ಮ ವ್ಯಾಪಾರದಲ್ಲಿ ಶೀತಾಗಾರದ ವಿದ್ಯುತ್ತಿನ ಲೆಕ್ಕವೂ ಹಗುರ. ಅದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ಆದರೆ ಹಂಚಲು ಏನೂ ಉಳಿಯದ ಸಂದರ್ಭವೊಂದುಂಟು. 2020ರಲ್ಲಿ ಅಸ್ಸಾಮ್ ಮತ್ತು ಅರುಣಾಚಲ ಪ್ರದೇಶಗಳ ಮೂಲಕ ನಮ್ಮ ದೇಶವನ್ನು ಹೊಕ್ಕ ಆಫ್ರಿಕನ್ ಹಂದಿಜ್ವರವು 2022ರ ಜುಲೈಯಲ್ಲಿ ನೆರೆಯ ವಯನಾಡಿನಲ್ಲಿ ಕಾಣಿಸಿಕೊಂಡಿತು. ಮನುಷ್ಯನಿಗೆ ತಗುಲದ, ಆದರೆ ಹಂದಿಗೆ ಮದ್ದಿಲ್ಲದ ಈ ಜ್ವರ ಒಂದು ಗೂಡಿನಲ್ಲಿ ಖಚಿತವಾದರೆ ಸುತ್ತಲ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಂದು ಹೂಳಬೇಕೆಂಬುದು ನಿಯಮ. ಆಗ ಅವು ತಿಂದ ಮೇವು, ಕುಡಿದ ನೀರು, ಅವುಗಳಿಂದೆದ್ದ ಅನಿಲ ಎಲ್ಲವೂ ಹಾಗೆಯೇ ಉಳಿದು, ಒಂದು ಕಿಲೋ ಮಾಂಸವೂ ದೊರೆಯದೆ, ವರ್ಷದ ದುಡಿಮೆಯೊಡನೆ ಕುಟುಂಬದ ಸಾಲವೂ ಹೊಂಡದ ದಂಡೆಯಲ್ಲಿ ನಿಲ್ಲುತ್ತದೆ. ಈ ರೋಗಾಣು ಹೋಟೆಲಿನ ಉಳಿಕೆಯಲ್ಲಿರುವ ಹಂದಿಮಾಂಸದ ಚೂರಿನ ಮೂಲಕವೇ ಬರಬಹುದಾದುದರಿಂದ, ಉಳಿಕೆಯನ್ನು ಕಲಕುತ್ತ 90 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಬೇಕೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ವಿಧಿಸಿದೆ. ಸೌದೆ ಉಳಿಸುವ ನೆವದಿಂದ ಇದನ್ನು ಕೈಬಿಟ್ಟವನು ಪರಿಸರಕ್ಕೆ ಉಪಕಾರ ಮಾಡಿದಂತಾಗುವುದಿಲ್ಲ.

ಆ ಸೌದೆಯ ಒಂದು ಭಾಗವನ್ನು ಹಂದಿಯೇ ಕೊಡಬಲ್ಲದು. ಹಸುವಿನ ಸಗಣಿಗಾಗಿ ನಮ್ಮ ಹಳ್ಳಿಗಳಲ್ಲಿ ಕಟ್ಟಿರುವ ಗೋಬರ್ ಗ್ಯಾಸಿನ ತೊಟ್ಟಿ, 1984ರ ದೀನಬಂಧು ಮಾದರಿಯದಾದರೂ ಸರಿ, ಹಂದಿಯ ಸಗಣಿಗೂ ಒಗ್ಗುತ್ತದೆ. ತೂಕಕ್ಕೆ ತೂಕ ಹಸುವಿನ ಸಗಣಿಗಿಂತ ಹೆಚ್ಚು ಅನಿಲವನ್ನೂ ಕೊಡುತ್ತದೆ. ಗುಂಡಿಯಿಂದ ಎದ್ದು ಹೋಗುತ್ತಿದ್ದ ಆ 330 ಕಿಲೋ ಮೀಥೇನನ್ನು ತೊಟ್ಟಿಯೊಳಗೆ ಹಿಡಿದರೆ, ಇಪ್ಪತ್ತು ಹಂದಿಗಳಿಗೆ ದಿನವೂ ಬೇಕಾಗುವ ಉಳಿಕೆಯನ್ನು ಕಾಯಿಸುವ ಉರಿಯಲ್ಲಿ ಸರಿಸುಮಾರು ಅರ್ಧದಷ್ಟು ಅದರಿಂದಲೇ ದೊರೆಯುವುದೆಂದು ನನ್ನ ಲೆಕ್ಕ. ತೊಟ್ಟಿಯ ಗುಮ್ಮಟ ಬಿರಿದು ಅನಿಲ ಸೋರತೊಡಗಿದರೆ ಮಾತ್ರ ಕಟ್ಟಿದ ಪ್ರಯೋಜನವೆಲ್ಲ ನಷ್ಟವಾಗುವುದಾದ್ದರಿಂದ, ಗಾರೆಯವನನ್ನು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಕರೆಸಿ ಬಿರುಕು ನೋಡಿಸಬೇಕು.